ಮೂರೇ ವರ್ಷದ ಒಡೆತನ

ಒಂದು ಪದವನ್ನು ಬೋಲ್ಡ್ ಮಾಡೋಕೆ ನಮಗೆಷ್ಟು ಹೊತ್ತು ಬೇಕು? ಕಂಟ್ರೋಲ್, ಬಿ, ಮುಗೀತು. ಇನ್ನೂರು ವರ್ಷದ ಹಿಂದೆ ಲಂಡನ್ನಿನ ಮುದ್ರಕನಿಗೆ ಈ ಸುಖ ಇರಲಿಲ್ಲ. ಹಾಗಂತ ಅವನ ಬಳಿ ದಪ್ಪಕ್ಷರಗಳೇ ಇರಲಿಲ್ಲ ಅಂತಲ್ಲ. ಬೇಕಾದಷ್ಟಿದ್ದವು. ಆದರೆ ಅವೆಲ್ಲ ಲಾಟರಿ, ನಾಟಕ, ಹರಾಜಿನ ಪೋಸ್ಟರುಗಳಿಗೆ ಅಂತಲೇ ಹುಟ್ಟಿದವು. ಪುಸ್ತಕದ ಸಾಲಿನ ನಡುವೆ ತಂದು ಕೂರಿಸಿದರೆ ಲೈಬ್ರರಿಯಲ್ಲಿ ಡೊಳ್ಳು ಬಾರಿಸಿದ ಹಾಗೆ!

1845ರಲ್ಲಿ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ ಇದಕ್ಕೊಂದು ದಾರಿ ಹುಡುಕಿದ. ಅಚ್ಚು ಕೊರೆದವನು ಬೆಂಜಮಿನ್ ಫಾಕ್ಸ್. ಅಕ್ಷರಕ್ಕಿಟ್ಟ ಹೆಸರು ಕ್ಲಾರೆಂಡನ್.

ಇಂಗ್ಲಿಷ್ ಅಕ್ಷರಗಳ ತುದಿಯಲ್ಲಿ ಪುಟ್ಟ ಅಡ್ಡಗೆರೆ ಇರುತ್ತಲ್ಲ, ಅದು ಸೆರಿಫ್. ಅದೇ ಗೆರೆ ಹಲಗೆಯಂತೆ ದಪ್ಪಗಾದರೆ ಸ್ಲ್ಯಾಬ್ ಸೆರಿಫ್. ಮೊದಲಿನ ಸ್ಲ್ಯಾಬುಗಳಲ್ಲಿ ಈ ಹಲಗೆ ಅಕ್ಷರದ ಕಾಲಿಗೆ ನೆಟ್ಟಗೆ, ಇಟ್ಟಿಗೆ ಜೋಡಿಸಿದಂತೆ ಅಂಟಿಕೊಂಡಿರುತ್ತಿತ್ತು. ಕ್ಲಾರೆಂಡನ್ನಿನಲ್ಲಿ ಅದು ಬಾಗುತ್ತಾ ಕಾಲಿನೊಳಗೆ ಬೆರೆಯುತ್ತದೆ. ಸಣ್ಣಕ್ಷರದ ‘ಎ’, ‘ಸಿ’, ‘ಆರ್’ಗಳ ತುದಿಯಲ್ಲಿ ಗುಂಡನೆಯ ಮಣಿ. ಅಗಲವನ್ನೂ ಹಿಡಿತದಲ್ಲಿಟ್ಟದ್ದರಿಂದ ಮಾಮೂಲಿ ಅಕ್ಷರಗಳ ಪಕ್ಕದಲ್ಲೇ ಜಗಳವಿಲ್ಲದೆ ಕೂತಿತು. ನಿಘಂಟಿನಲ್ಲಿ ಪದ ದಪ್ಪ, ಅರ್ಥ ತೆಳು ಅನ್ನುವ ಏರ್ಪಾಡಿಗೆ ಹೇಳಿ ಮಾಡಿಸಿದ ಅಕ್ಷರ. ನನ್ನ ಪ್ರಕಾರ ಅದರ ನಿಜವಾದ ಸಾಧನೆ ಇದೇ. ಪೋಸ್ಟರಿನ ಗತ್ತೆಲ್ಲ ಆಮೇಲಿನದು.

ಬೆಸ್ಲಿ ಬುದ್ಧಿವಂತ. ವಿನ್ಯಾಸವನ್ನು ಬ್ರಿಟನ್ನಿನ ಅಲಂಕಾರಿಕ ವಿನ್ಯಾಸಗಳ ಕಾಯ್ದೆಯಡಿ ನೋಂದಾಯಿಸಿಬಿಟ್ಟ. ಅಕ್ಷರದ ಆಕಾರಕ್ಕೂ ಒಡೆಯನಿದ್ದಾನೆ ಅಂತ ಕಾನೂನಿನಲ್ಲಿ ಬರೆಸಿಕೊಂಡ ಮೊದಲಿಗರಲ್ಲಿ ಅವನೂ ಒಬ್ಬ. ಆದರೆ ಸಿಕ್ಕ ರಕ್ಷಣೆ ಮೂರೇ ವರ್ಷದ್ದು. ಅವಧಿ ಮುಗಿದದ್ದೇ ತಡ, ಉಳಿದ ಫೌಂಡ್ರಿಗಳು ನಕಲಿಗೆ ಇಳಿದವು. ಬೆಸ್ಲಿ ಗೊಣಗಿದ, ದೂರಿದ. ಪಾಪ ಅನ್ನಿಸುತ್ತೆ. ಆದರೆ 1810ರ ದಶಕದಲ್ಲೇ ಇನ್ನೊಂದು ಫೌಂಡ್ರಿಯ ವಿನ್ಸೆಂಟ್ ಫಿಗಿನ್ಸ್ ಸ್ಲ್ಯಾಬ್ ಅಕ್ಷರ ತಂದಿದ್ದ. ಬೆಸ್ಲಿಯೂ ಬರಿಗೈಯಲ್ಲೇನೂ ಶುರು ಮಾಡಿರಲಿಲ್ಲ, ಅಲ್ವಾ?

ನಕಲಾದದ್ದರಿಂದಲೇ ಅದು ಊರೂರು ಸುತ್ತಿತು. ಅಮೆರಿಕದಲ್ಲಿ ಮರದಲ್ಲಿ ಕೆತ್ತಿಸಿಕೊಂಡು ಪೋಸ್ಟರುಗಳ ಮೇಲೆ ಹಿಗ್ಗಿತು. ಕೌಬಾಯ್ ಸಿನಿಮಾಗಳಲ್ಲಿ ‘ಬೇಕಾಗಿದ್ದಾನೆ’ ಅಂತ ಗೋಡೆಗೆ ಅಂಟಿಸಿರುತ್ತಾರಲ್ಲ, ಆ ಕುಲ. 1953ರಲ್ಲಿ ಸ್ವಿಟ್ಜರ್‌ಲೆಂಡಿನ ಹಾಸ್ ಫೌಂಡ್ರಿಗಾಗಿ ಹರ್ಮನ್ ಐಡೆನ್‌ಬೆನ್ಸ್ ಅದನ್ನು ಹೊಸದಾಗಿ ಬರೆದ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ರಸ್ತೆ ಫಲಕಗಳಲ್ಲಿ ದಶಕಗಳ ಕಾಲ ಇದೇ ಅಕ್ಷರವಿತ್ತು. ಮನೆಯಲ್ಲಿ ಸೋನಿ ಟಿವಿ ಇದ್ದರೆ ಅದರ ಹೆಸರನ್ನೊಮ್ಮೆ ನೋಡಿ, ಅದೂ ಇವರ ನೆಂಟನೇ.

ಬೆಸ್ಲಿ 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ. ಅವನ ಅಕ್ಷರಕ್ಕೆ ಇನ್ನೊಂದು ಥರದ ಬಡ್ತಿ ಸಿಕ್ಕಿತು. ಬ್ರಿಟನ್ನಿನ ಅಚ್ಚುಕೂಟಗಳಲ್ಲಿ ಯಾವುದೇ ಫೌಂಡ್ರಿಯ ದಪ್ಪಕ್ಷರವಾದರೂ ಸರಿ, ಅದನ್ನು ಕ್ಲಾರೆಂಡನ್ ಅಂತಲೇ ಕರೆಯುವುದು ರೂಢಿಯಾಯಿತು.