ಸಕ್ಕರೆಗೆ ಹಾಕಿದ ಸುಂಕದ ಬೇಲಿ

ಖಾಸಗಿ ಉದ್ದಿಮೆಗೆ ಸರ್ಕಾರ ಆಸರೆ ಕೊಡಬೇಕೆ ಎಂಬ ಚರ್ಚೆ ಬಂದಾಗಲೆಲ್ಲ ಒಮ್ಮೆ ಸಕ್ಕರೆಯ ಕಥೆಯನ್ನು ನೋಡಬೇಕು. ಸಕ್ಕರೆಗೆ ಹೆಸರನ್ನೇ ಕೊಟ್ಟ ಈ ದೇಶ 1930ರ ಸುಮಾರಿಗೆ ತನಗೆ ಬೇಕಾದ ಬಿಳಿ ಸಕ್ಕರೆಯ ಬಹುಪಾಲನ್ನು ಹಡಗಿನಲ್ಲಿ ಜಾವಾದಿಂದ ತರಿಸಿಕೊಳ್ಳುತ್ತಿತ್ತು. ಅಲ್ಲಿನ ಡಚ್ಚರ ಕಾರ್ಖಾನೆಗಳು ದೊಡ್ಡವು, ಕಬ್ಬಿನ ಇಳುವರಿ ಹೆಚ್ಚು, ಬೆಲೆ ಅಗ್ಗ. ಇಲ್ಲಿ ಬೆಳೆದ ಕಬ್ಬು ಹೆಚ್ಚಾಗಿ ಆಲೆಮನೆಗೆ ಹೋಗಿ ಬೆಲ್ಲವಾಗುತ್ತಿತ್ತು.

ಇಬ್ರಾಹಿಂ ರಹಿಮತುಲ್ಲಾ ಅಧ್ಯಕ್ಷತೆಯ ಹಣಕಾಸು ಆಯೋಗ 1922ರಲ್ಲಿ ಒಂದು ಸೂತ್ರ ಹಾಕಿಕೊಟ್ಟಿತ್ತು. ಉದ್ದಿಮೆಗೆ ಇಲ್ಲಿ ಸಹಜ ಅನುಕೂಲಗಳಿರಬೇಕು. ಆಸರೆ ಇಲ್ಲದೆ ಅದು ಬೆಳೆಯಲಾರದು ಎಂಬಂತಿರಬೇಕು. ಮುಂದೊಂದು ದಿನ ಆಸರೆ ಬಿಟ್ಟು ನಿಲ್ಲುವ ಶಕ್ತಿ ಅದಕ್ಕೆ ಬರಬೇಕು. ಈ ಪರೀಕ್ಷೆಯಲ್ಲಿ ಗೆದ್ದು 1924ರಲ್ಲಿ ಉಕ್ಕು ರಕ್ಷಣೆ ಪಡೆಯಿತು. ಸಕ್ಕರೆಯ ಸರದಿ ಬಂದದ್ದು 1932ರಲ್ಲಿ. ಹಂಡ್ರೆಡ್‌ವೇಟಿಗೆ, ಅಂದರೆ ಸುಮಾರು 50 ಕಿಲೋಗೆ, 7 ರೂಪಾಯಿ 4 ಆಣೆ ಸುಂಕ. ಅದರ ಮೇಲೆ ಸರ್‌ಚಾರ್ಜ್ ಬೇರೆ.

ಫಲ ಬೆರಗುಗೊಳಿಸುವಂಥದ್ದು. 1931-32ರಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳ ಸಂಖ್ಯೆ ಐದೇ ವರ್ಷದಲ್ಲಿ 130 ದಾಟಿತು. ಜಾವಾ ಸಕ್ಕರೆ ಮಾರುಕಟ್ಟೆಯಿಂದ ಬಹುತೇಕ ಮಾಯವಾಯಿತು.

ಈ ಅಲೆ ಮೈಸೂರು ಸಂಸ್ಥಾನವನ್ನೂ ಮುಟ್ಟಿತು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯದ ಬಯಲಿಗೆ ಹರಿದಿತ್ತು. ಆ ನೀರಿಗೆ ತಕ್ಕ ಬೆಳೆಯೊಂದು ಬೇಕಿತ್ತು. ಕೃಷಿ ಇಲಾಖೆಯ ಮುಖ್ಯಸ್ಥ, ಕೆನಡಾದ ಲೆಸ್ಲಿ ಕೋಲ್‌ಮನ್ ಕಬ್ಬಿನತ್ತ ಬೆರಳು ತೋರಿಸಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಇಲ್ಲಿ ಸರ್ಕಾರ ದೂರ ನಿಂತು ಹರಸಲಿಲ್ಲ. ತಾನೇ ಪಾಲು ಹಾಕಿತು, ಸಾರ್ವಜನಿಕರಿಗೂ ಷೇರು ಮಾರಿತು.

ಆದರೆ ಈ ಏಳಿಗೆಯ ಖರ್ಚು ಹೊತ್ತವರು ಯಾರು? ಮೊದಲಿಗೆ, ಸಕ್ಕರೆ ಕೊಳ್ಳುವವನು. ಅಗ್ಗದ ಜಾವಾ ಸಕ್ಕರೆ ಅವನ ಕೈತಪ್ಪಿತು. ಎರಡನೆಯವನು ರೈತ, ಅವನದು ಇನ್ನೂ ವಿಚಿತ್ರ ಪಾಡು. ಸುಂಕ ಮಂಡಳಿ ರಕ್ಷಣೆ ಬೇಕೆಂದು ವಾದಿಸಿದ್ದು ಮುಖ್ಯವಾಗಿ ಅವನ ಹೆಸರಿನಲ್ಲೇ: ಬೆಲ್ಲದ ಧಾರಣೆ ಕುಸಿದಿದೆ, ಕಾರ್ಖಾನೆ ಬಂದರೆ ಕಬ್ಬಿಗೆ ಗಿರಾಕಿ ಸಿಗುತ್ತದೆ ಎಂದು. ಗಿರಾಕಿಯೇನೋ ಸಿಕ್ಕಿತು. ಆದರೆ ಕಡಿದ ಕಬ್ಬು ಕಾಯುವುದಿಲ್ಲ, ಒಣಗುತ್ತದೆ; ಕಾರ್ಖಾನೆ ಹೇಳಿದ್ದೇ ದರ. ಕನಿಷ್ಠ ದರ ಗೊತ್ತುಮಾಡುವ ಅಧಿಕಾರವನ್ನು ಪ್ರಾಂತ್ಯಗಳಿಗೆ ಕೊಡುವ ಕಾನೂನು ಬಂದದ್ದು ಎರಡು ವರ್ಷ ತಡವಾಗಿ, 1934ರಲ್ಲಿ. ಅದೇ ವರ್ಷ ದೇಶೀ ಸಕ್ಕರೆಯ ಮೇಲೆ ಅಬಕಾರಿ ಸುಂಕವನ್ನೂ ಹಾಕಿ ಸರ್ಕಾರ ತನ್ನ ಪಾಲು ಕೇಳಿತು.

ಬೇಲಿಯೊಳಗೆ ಕಾರ್ಖಾನೆಗಳು ಅತಿಯಾದವು. 1936-37ರ ಹೊತ್ತಿಗೆ ಸಕ್ಕರೆ ದಾಸ್ತಾನು ಬಿದ್ದು ಬೆಲೆ ಇಳಿಯಿತು. ಮಾಲೀಕರು 1937ರಲ್ಲಿ ಸಿಂಡಿಕೇಟ್ ಕಟ್ಟಿ ಮಾರಾಟವನ್ನು ಬಿಗಿಹಿಡಿದರು. ಸಂಯುಕ್ತ ಪ್ರಾಂತ್ಯ ಮತ್ತು ಬಿಹಾರದ ಸರ್ಕಾರಗಳಂತೂ ಸದಸ್ಯರಾಗುವುದನ್ನೇ ಕಡ್ಡಾಯ ಮಾಡಿದವು. ವಿದೇಶಿ ಪೈಪೋಟಿ ಹೋಗಿತ್ತು, ಒಳಗಿನ ಪೈಪೋಟಿಯೂ ಹೋಯಿತು. ಬೆಲೆ ಮಿತಿಮೀರಿದಾಗ, 1940ರಲ್ಲಿ, ಅದೇ ಸರ್ಕಾರಗಳು ಸಿಂಡಿಕೇಟಿಗೆ ಕೊಟ್ಟ ಮಾನ್ಯತೆಯನ್ನು ಹಿಂದಕ್ಕೆ ಪಡೆದವು.

ಸುಂಕದ ರಕ್ಷಣೆ 1950ರಲ್ಲಿ ಮುಗಿಯಿತು. ತಡವಾಗಿ ಸೇರಿಕೊಂಡ ಕಬ್ಬಿನ ಕನಿಷ್ಠ ದರ ಮಾತ್ರ ಉಳಿದುಕೊಂಡಿದೆ. ಅದನ್ನೀಗ ಪ್ರತಿ ಹಂಗಾಮಿಗೂ ಕೇಂದ್ರ ಸರ್ಕಾರ ಪ್ರಕಟಿಸುತ್ತದೆ.