ಕರೀಂ ಖಾನ್ ಸಾಹೇಬರ ಸುತ್ತ ಬೆಳೆದ ಕಥೆಗಳು

ಹಾಡುಗಾರನ ಕೀರ್ತಿ ಹಬ್ಬಿದಂತೆ ಅವನ ಸುತ್ತ ಕಥೆಗಳೂ ಹುತ್ತದಂತೆ ಏಳುತ್ತವೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ವಿಷಯದಲ್ಲಂತೂ ಹುತ್ತ ಬಹಳ ಎತ್ತರಕ್ಕೆ ಎದ್ದಿದೆ. ಧಾರವಾಡದ ಕಡೆಯಿಂದ ಬಂದು ಈ ಊರುಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಹಿರಿಯರ ಬಾಯಿಂದ ಇವನ್ನು ಕೇಳದವರು ವಿರಳ.

ನಾಯಿಯ ಕಥೆ ಎಲ್ಲಕ್ಕಿಂತ ಪ್ರಸಿದ್ಧ. ಖಾನ್ ಸಾಹೇಬರು ತಾವು ಸಾಕಿದ ನಾಯಿಗೆ ಸ್ವರ ಕಲಿಸಿದ್ದರು, ಅದು ಮುಂಬಯಿಯ ಸಭೆಯಲ್ಲಿ ಜನರೆದುರು ಸ್ವರ ಹಿಡಿಯಿತು ಎನ್ನುತ್ತಾರೆ. (ನಮ್ಮ ಬೀದಿಯ ನಾಯಿಗಳು ತಾರಸಪ್ತಕವನ್ನು ಯಾರೂ ಕಲಿಸದೆಯೇ ಸಾಧಿಸಿವೆ.) ನಗುವ ಕಥೆಯಾದರೂ ಇದು ಹುಟ್ಟಿದ್ದು ಯಾರ ಮನೆಯಲ್ಲಿ ಎಂಬುದನ್ನು ಮರೆಯಬಾರದು. ಸಾಂಗಲಿಯ ಕೆ. ಬಿ. ದೇವಲರೂ ಆಂಗ್ಲ ಅಧಿಕಾರಿ ಕ್ಲೆಮೆಂಟ್ಸರೂ ಶ್ರುತಿಗಳನ್ನು ಅಳೆಯಲು ಕುಳಿತಾಗ ನೆಚ್ಚಿಕೊಂಡದ್ದು ಈ ಕಂಠವನ್ನೇ. ತಂಬೂರಿ ಕೆಟ್ಟರೆ ಅವರು ತಾವೇ ಬಿಚ್ಚಿ ಸರಿಪಡಿಸುತ್ತಿದ್ದರು. ಕೂದಲೆಳೆಯಷ್ಟು ಅಪಸ್ವರವನ್ನೂ ಸಹಿಸದವನ ಬಗೆಗೆ ಜನ ಇಂಥ ಕಥೆ ಕಟ್ಟಿದರೆ ಆಶ್ಚರ್ಯವೇನು?

ಇನ್ನು ಮಿರಜಿನ ಪ್ಲೇಗು. ಸೋಂಕು ತಗುಲಿ ಬದುಕುವ ಆಸೆ ಬಿಟ್ಟಿದ್ದಾಗ ಖ್ವಾಜಾ ಶಮ್ನಾ ಮೀರಾ ಸಾಹೇಬರ ದರ್ಗಾದಲ್ಲಿ ಹಾಡಿ ಗುಣವಾದರೆಂದು ಹೇಳುತ್ತಾರೆ. ಪ್ಲೇಗು ಆ ಕಾಲದಲ್ಲಿ ಆ ಸೀಮೆಯನ್ನು ಕಾಡಿದ್ದು ದಿಟ, ಅವರು ಆ ದರ್ಗಾಕ್ಕೆ ಕೊನೆಯವರೆಗೂ ನಡೆದುಕೊಂಡದ್ದೂ ದಿಟ. ನಡುವಿನದನ್ನು ಭಕ್ತರಿಗೆ ಬಿಡೋಣ.

ಅವರ ಸಾವಂತೂ ಕಥೆಯಂತೆಯೇ ನಡೆಯಿತು. 1937ರ ಅಕ್ಟೋಬರ್ 27ರಂದು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದರು. ದಾರಿಯಲ್ಲಿ ಎದೆ ನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಫಲಾಟಿನ ಮೇಲೆ ಹಾಸಿಗೆ ಹಾಸಿಸಿ, ನಮಾಜು ಮಾಡಿ, ದರಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತ ಕಣ್ಣು ಮುಚ್ಚಿದರು. ಸಾವಿನ ಗಳಿಗೆ ಅವರಿಗೆ ಮೊದಲೇ ತಿಳಿದಿತ್ತೆಂದು ಆಮೇಲೆ ಜನ ಸೇರಿಸಿದರು. ಸೇರಿಸುವ ಅಗತ್ಯವೇ ಇರಲಿಲ್ಲ. ದೇಹವನ್ನು ಮಿರಜಿಗೆ ತಂದು ಅದೇ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು.

ನಮಗೆ ಒಪ್ಪಿಗೆಯಾಗದ ಮಾತು ಇನ್ನೊಂದಿದೆ. ಬಡೋದೆಯಿಂದ ಅವರೊಡನೆ ಬಂದ ತಾರಾಬಾಯಿ ಮುಂದೆ ಮಕ್ಕಳನ್ನು ಕರೆದುಕೊಂಡು ಅವರನ್ನು ಬಿಟ್ಟು ಹೋದರು. ಮಕ್ಕಳು ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ ಎಂಬ ಬೇರೆ ಹೆಸರುಗಳಿಂದ ಪ್ರಸಿದ್ಧರಾದರು. ಆ ನೋವೇ ಖಾನರ ಕಂಠಕ್ಕೆ ಕರುಣೆ ತಂದಿತಂತೆ. ಮನೆ ಮುರಿದವರು ಲೋಕದಲ್ಲಿ ಸಾವಿರ ಜನ ಇದ್ದಾರೆ, ಎಲ್ಲರಿಗೂ ಅಂಥ ಷಡ್ಜ ಕೂಡಿಬರಲಿಲ್ಲ. ಬಾಲ್ಯದಿಂದ ಮಾಡಿದ ದುಡಿಮೆಯನ್ನು ಒಂದು ದುಃಖದ ಲೆಕ್ಕಕ್ಕೆ ಬರೆದುಬಿಡುವುದು ನ್ಯಾಯವಲ್ಲ. ತಾರಾಬಾಯಿ ಪಟ್ಟ ಪಾಡನ್ನೂ ಈ ಕಥೆ ಕೇಳುವುದಿಲ್ಲ.

ಕಥೆಗಾರರು ಬಿಟ್ಟದ್ದು ಇನ್ನೂ ಇದೆ. ಮೈಸೂರಿಗೆ ಹೋಗಿಬರುವಾಗ ಧಾರವಾಡದಲ್ಲಿ ಇಳಿದು ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಆಸ್ಥೆಯಿಂದ ಕೇಳುತ್ತಿದ್ದರು. ತ್ಯಾಗರಾಜರ ಕೃತಿಯನ್ನೂ ಗ್ರಾಮಫೋನ್ ಪ್ಲೇಟಿಗೆ ಹಾಡಿದರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಕುಂದಗೋಳದ ರಾಮಭಾವು ಎಂಬ ಹುಡುಗನಿಗೆ ವರ್ಷಗಟ್ಟಲೆ ಪಾಠ ಹೇಳಿದರು. ಆತನೇ ಮುಂದೆ ಸವಾಯಿ ಗಂಧರ್ವ.

ಉಳಿದದ್ದು ಗದಗಿನ ಹುಡುಗನ ಸಂಗತಿ. ಅಂಗಡಿಯೊಂದರಲ್ಲಿ ಕರೀಂ ಖಾನರ ಪ್ಲೇಟು ಕೇಳಿ, ಹಾಡಿದರೆ ಹೀಗೆ ಹಾಡಬೇಕು ಎಂಬ ಹುಚ್ಚು ಹಿಡಿದು, 1933ರಲ್ಲಿ ಹನ್ನೊಂದರ ವಯಸ್ಸಿಗೆ ಆತ ಮನೆ ಬಿಟ್ಟು ಓಡಿದ. ಇದನ್ನು ಹೇಳಿದವರು ಬೇರೆ ಯಾರೂ ಅಲ್ಲ, 2011ರಲ್ಲಿ ತೀರಿಕೊಂಡ ಭೀಮಸೇನ ಜೋಶಿಯವರೇ. ಟಿಕೇಟಿಲ್ಲದೆ ರೈಲು ಹತ್ತಿ ಗ್ವಾಲಿಯರ್, ಜಲಂಧರದವರೆಗೂ ಗುರುವನ್ನು ಹುಡುಕಿ ಅಲೆದರು. 1936ರಲ್ಲಿ ಕೊನೆಗೆ ಗುರು ಸಿಕ್ಕಿದ್ದು ಗದಗಿನಿಂದ ಒಂದು ಹಗಲಿನ ದಾರಿಯೂ ಅಲ್ಲದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ.