ಮತದ ತೂಕ

ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ತರುವ ರೈತನಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು. ಚೀಲದೊಡನೆ ತೂಗಿದ ತೂಕವೆಲ್ಲ ಕೊಬ್ಬರಿಯದಲ್ಲ. ಚೀಲದ ಭಾರವನ್ನು ಕಳೆಯಬೇಕು. ಚುನಾವಣೆಯ ಮತಗಳಿಗೂ ಈ ಲೆಕ್ಕ ಬೇಡವೆ? ಪಕ್ಷವೊಂದು ಗೆದ್ದ ಮಾತ್ರಕ್ಕೆ ಅದರ ಪ್ರತಿಯೊಂದು ಮಾತಿಗೂ ಪ್ರಜೆಗಳ ಒಪ್ಪಿಗೆ ದೊರೆಯಿತೆನ್ನಬಹುದೆ? ವಾಚಕರು ಈ ಎರಡು ಪ್ರಸಂಗಗಳನ್ನು ನೋಡಿ ತೀರ್ಮಾನಿಸಲಿ.

ಮೊದಲನೆಯದು ಕೊಡಗಿನದು. 1952ರಲ್ಲಿ ಕೊಡಗು ತನ್ನದೇ ಶಾಸನಸಭೆಯಿದ್ದ ಪುಟ್ಟ ರಾಜ್ಯ. ಮೈಸೂರಿನೊಡನೆ ಸೇರಬೇಕೆ, ಬೇಡವೆ ಎಂಬುದೇ ಆ ಸಲದ ಚುನಾವಣೆಯ ದೊಡ್ಡ ಚರ್ಚೆ. ಸಿ. ಎಂ. ಪೂಣಚ್ಚನವರ ಕಾಂಗ್ರೆಸ್ಸು ವಿಲೀನದ ಪರ. ಗಾಂಧೀವಾದಿ ಪಂದ್ಯಂಡ ಬೆಳ್ಯಪ್ಪನವರ ಮುಂದಾಳುತನದ ತಕ್ಕಡಿ ಪಕ್ಷ ಅದಕ್ಕೆ ವಿರೋಧ. 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15, ತಕ್ಕಡಿಗೆ 9 ಬಂದವು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಆದರೆ ಗೆದ್ದವರಿಗೆ ಬಿದ್ದ ಮತಗಳಲ್ಲಿ ವಿಲೀನಕ್ಕೆಂದು ಬಿದ್ದವೆಷ್ಟು, ಅಭ್ಯರ್ಥಿಯ ಮುಖ ನೋಡಿ ಬಿದ್ದವೆಷ್ಟು? ಬೇರ್ಪಡಿಸುವ ಬಗೆ ಇಲ್ಲ.

ಎರಡನೆಯದು ಕಾರವಾರದ ಗಡಿಯಾಚೆಯ ಗೋವೆಯದು. 1963ರ ಚುನಾವಣೆಯಲ್ಲಿ, ಮಹಾರಾಷ್ಟ್ರದೊಡನೆ ಸೇರಬೇಕೆಂದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಅಧಿಕಾರಕ್ಕೆ ಬಂದಿತು. ದಯಾನಂದ ಬಾಂದೋಡಕರ್ ಮುಖ್ಯಮಂತ್ರಿಗಳಾದರು. ಅಷ್ಟರಿಂದಲೇ ಪ್ರಶ್ನೆ ತೀರಿತೆಂದು ಸಂಸತ್ತು ಭಾವಿಸಲಿಲ್ಲ. 1966ರಲ್ಲಿ ಜನಾಭಿಪ್ರಾಯ ಸಂಗ್ರಹಕ್ಕಾಗಿಯೇ ಒಂದು ಕಾಯಿದೆ ಮಾಡಿತು. 1967ರ ಜನವರಿ 16ರಂದು ಮತದಾರರ ಮುಂದೆ ಅಭ್ಯರ್ಥಿಗಳಿರಲಿಲ್ಲ. ಎರಡು ಗುರುತುಗಳಷ್ಟೇ ಇದ್ದವು. ವಿಲೀನಕ್ಕೆ ಹೂವು, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದಕ್ಕೆ ಎರಡು ಎಲೆ. ಹೂವಿಗೆ 1,38,170 ಮತಗಳು, ಎಲೆಗಳಿಗೆ 1,72,191. ವಿಲೀನ ಬಿದ್ದುಹೋಯಿತು.

ಇನ್ನು ಸ್ವಾರಸ್ಯವನ್ನು ಕೇಳಿರಿ. ಅದೇ ಮಾರ್ಚಿಯ ಚುನಾವಣೆಯಲ್ಲಿ ಅದೇ ಜನ ಬಾಂದೋಡಕರರ ಪಕ್ಷವನ್ನೇ ಮತ್ತೆ ಗೆಲ್ಲಿಸಿದರು! ಇದು ಚಂಚಲತೆಯಲ್ಲ. ಆಳುವವರು ಯಾರೆಂಬುದು ಒಂದು ಪ್ರಶ್ನೆ, ನಾಡು ಎಲ್ಲಿಗೆ ಸೇರಬೇಕೆಂಬುದು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಕೇಳಿದಾಗ ಬೇರೆಬೇರೆ ಉತ್ತರ ಬಂದಿತು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕಾನೂನುಗಳನ್ನೇ ಮತದಾರರ ತೀರ್ಪಿಗಿಡುವ ಪದ್ಧತಿಯನ್ನು 1911ರಲ್ಲಿ ಅಂಗೀಕರಿಸಿದರು. ನಮ್ಮ ಸಂವಿಧಾನವಾದರೋ ರಾಜ್ಯಗಳ ಗಡಿಯನ್ನು ಮಾರ್ಪಡಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಗೋವೆಯಂಥ ಸಂದರ್ಭ ತೀರ ಅಪರೂಪ. ಹಾಗೆಂದು ಪ್ರತಿಯೊಂದಕ್ಕೂ ಮತ ಎಣಿಸಿದರೆ ಎಲ್ಲವೂ ಸರಿಹೋದೀತೆಂದೂ ಅಲ್ಲ. ಎಣಿಕೆ ಮುಗಿದ ಮೇಲೆ, ಹೂವಿಗೆ ಮತ ಹಾಕಿದವರೂ ಎಲೆಗೆ ಹಾಕಿದವರೂ ಒಂದೇ ಊರಿನಲ್ಲಿ ಬಾಳಬೇಕಾಯಿತಷ್ಟೆ.

ಮುಂದಿನ ಸಲ ಚುನಾವಣೆಯ ಫಲಿತಾಂಶವನ್ನು ರೇಡಿಯೋದಲ್ಲಿ ಕೇಳುವಾಗ, ಗೆದ್ದವರಾರೆಂದು ತಿಳಿದೊಡನೆ ಎದ್ದುಬಿಡಬೇಡಿರಿ. ಜನರನ್ನು ಕೇಳಿದ ಪ್ರಶ್ನೆ ಯಾವುದಾಗಿತ್ತೆಂದು ಮನೆಯವರೊಡನೆ ಒಂದು ಗಳಿಗೆ ಕುಳಿತು ವಿಚಾರಿಸಿರಿ. ಚೀಲದ ಭಾರ ಕಳೆದ ಮೇಲಲ್ಲವೆ ಕೊಬ್ಬರಿಯ ಲೆಕ್ಕ!